ಎರಡು ಸಾರ್ಸ್ ವೈರಸ್‌ಗಳ ಸ್ಪೈಕ್ ಹೋಲಿಸುವುದು ಹೇಗೆ?

ರಚನೆ ಹೋಲಿಸಲು ಕಲಿಯುವ ಎಂಎಸ್ಸಿ ಮಕ್ಕಳ ಕೈಗೆ ನಾನು ಮೊದಲೇ ಇಡೀ ಸ್ಪೈಕ್ (ವೈರಸ್‌ನ ಮೈಮೇಲಿನ ಮುಳ್ಳಿನಂಥ ಪ್ರೋಟೀನ್) ಕೊಡುವುದಿಲ್ಲ. ಅದರ ತುದಿ ಕೆಲವು ರಚನೆಗಳಲ್ಲಿ ಮೇಲೆದ್ದಿರುತ್ತದೆ, ಕೆಲವದರಲ್ಲಿ ಮಲಗಿರುತ್ತದೆ. ಒಂದೇ ವೈರಸ್‌ನ ಎರಡು ಫೈಲುಗಳೇ ಬೇರೆ ಬೇರೆ ಕಾಣುತ್ತವೆ. ಹಾಗಾಗಿ ಸ್ಪೈಕ್‌ನಲ್ಲಿ ನಮ್ಮ ಜೀವಕೋಶದ ಮೇಲಿನ ಎಸಿಇ2 ಎಂಬ ಪ್ರೋಟೀನ್‌ಗೆ ಅಂಟುವ ಆರ್‌ಬಿಡಿ ಎಂಬ ತುಂಡಿನಿಂದಲೇ ಶುರುಮಾಡಿ.

ರಚನೆಗಳ ಸಾರ್ವಜನಿಕ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನ ಎರಡು ಫೈಲ್ ಸಾಕು. ಹಳೆಯ ಸಾರ್ಸ್‌ಗೆ 2ಎಜೆಎಫ್, ಕೋವಿಡ್ ವೈರಸ್‌ಗೆ 6ಎಂ0ಜೆ. (ಇದರಲ್ಲಿ ಮೂರನೆಯದು ಸೊನ್ನೆ, ಓ ಅಲ್ಲ.) ಎರಡರಲ್ಲೂ ಎಸಿಇ2 ಎ ಸರಪಳಿ, ಆರ್‌ಬಿಡಿ ಇ ಸರಪಳಿ. 2ಎಜೆಎಫ್‌ನಲ್ಲಿ ಅದೇ ಜೋಡಿ ಎರಡು ಸಲ ಇದೆ. ಬಿ ಮತ್ತು ಎಫ್ ಅಳಿಸಿಬಿಡಿ.

ರಚನೆ ನೋಡುವ ತಂತ್ರಾಂಶ ಕೈಮೆರಾಎಕ್ಸ್‌ನಲ್ಲಿ ಎರಡನ್ನೂ ತೆರೆದು, ಒಂದರ ಮೇಲೊಂದು ಕೂಡಿಸುವ ಮ್ಯಾಚ್‌ಮೇಕರ್ ಓಡಿಸಿ. ಸುಮ್ನೆ ಬಿಟ್ಟರೆ ಅದು ಹೆಚ್ಚು ಹೊಂದುವ ಜೋಡಿಯನ್ನು ಹುಡುಕುತ್ತದೆ, ಅಂದರೆ ಎಸಿಇ2 ಮೇಲೆ ಎಸಿಇ2. ಎರಡೂ ಮನುಷ್ಯರದ್ದೇ ಅಲ್ವಾ! ಇದೂ ಬೇಕಾದದ್ದೇ. ಎರಡು ವೈರಸ್‌ಗಳು ಒಂದೇ ಬಾಗಿಲನ್ನು ಹೇಗೆ ಹಿಡಿಯುತ್ತವೆ ಎಂದು ಇದರಲ್ಲಿ ಕಾಣುತ್ತದೆ. ಆಮೇಲೆ ಇ ಸರಪಳಿಗಳನ್ನು ನೀವೇ ಆರಿಸಿ ಇನ್ನೊಮ್ಮೆ ಓಡಿಸಿ. ಆರ್‌ಬಿಡಿಗಳ ಆಕಾರದ ಹೋಲಿಕೆ ಸಿಗುವುದು ಆಗಲೇ.

ಲಾಗ್‌ನಲ್ಲಿ ಎರಡು ಆರ್‌ಎಂಎಸ್‌ಡಿ (ಜೋಡಿ ಪರಮಾಣುಗಳ ನಡುವಿನ ಒಂದು ಬಗೆಯ ಸರಾಸರಿ ದೂರ) ಬರುತ್ತವೆ. ಮೊದಲನೆಯದು ಚೆನ್ನಾಗಿ ಕೂತ ಪರಮಾಣುಗಳದ್ದು ಮಾತ್ರ, ಹೊಂದದವನ್ನು ಅದು ಕೈಬಿಟ್ಟಿರುತ್ತದೆ. ಬ್ರಾಕೆಟ್‌ನಲ್ಲಿರುವುದು ಎಲ್ಲ ಜೋಡಿಗಳದ್ದು. ನನಗೆ ಎರಡನೆಯದೇ ಮುಖ್ಯ. ಅದು ದೊಡ್ಡದಿದ್ದರೆ ಎಲ್ಲೋ ಒಂದು ಕಡೆ ಸರಪಳಿ ದಾರಿ ಬಿಟ್ಟಿದೆ ಎಂದರ್ಥ. ಆ ಜಾಗವನ್ನು ಹುಡುಕುವುದೇ ನಿಜವಾದ ಕೆಲಸ.

ಇಲ್ಲಿ ಅದು ಎಸಿಇ2 ಕಡೆಗಿನ ಒಂದು ಕುಣಿಕೆ (ಲೂಪ್). ಹಳೆಯ ಸಾರ್ಸ್‌ನಲ್ಲಿ ಪ್ರೋಲಿನ್, ಪ್ರೋಲಿನ್, ಅಲನಿನ್ ಎಂಬ ಅಮೈನೋ ಆಮ್ಲಗಳು ಇರುವ ಕಡೆ ಕೋವಿಡ್ ವೈರಸ್‌ನಲ್ಲಿ ಗ್ಲೈಸಿನ್, ವ್ಯಾಲಿನ್, ಗ್ಲುಟಮೇಟ್, ಗ್ಲೈಸಿನ್ ಇವೆ. ಒಂದು ಜಾಸ್ತಿ. ಇದರಿಂದ ಅಮೈನೋ ಆಮ್ಲಗಳ ಕ್ರಮಸಂಖ್ಯೆಯ ಲೆಕ್ಕವೂ ಬದಲಾಗುತ್ತದೆ. ಕುಣಿಕೆಗೆ ಮೊದಲು ಕೋವಿಡ್ ವೈರಸ್‌ನ 417ರ ಜೋಡಿ ಹಳೆಯದರ 404, ಅಂತರ 13. ಕುಣಿಕೆ ದಾಟಿದ ಮೇಲೆ 486ರ ಜೋಡಿ 472, 501ರ ಜೋಡಿ 487, ಅಂತರ 14. ಆದ್ದರಿಂದ ಒಂದೇ ಸಂಖ್ಯೆ ನೋಡಿ ಎಂದೂ ಹೋಲಿಸಬೇಡಿ. ಸೀಕ್ವೆನ್ಸ್ ಜೋಡಣೆಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಈಗ ಕೋವಿಡ್ ವೈರಸ್‌ನ 486 ನೋಡಿ. ಅಲ್ಲಿ ದೊಡ್ಡ ಫಿನೈಲ್‌ಅಲನಿನ್ ಎಸಿಇ2ನ ಒಂದು ಗುಳಿಯೊಳಗೆ ಹೋಗಿ ಕೂತಿದೆ. ಹಳೆಯದರಲ್ಲಿ ಅದೇ ಜಾಗದಲ್ಲಿ ಚಿಕ್ಕ ಲ್ಯೂಸಿನ್. ಆದರೆ 2ಎಜೆಎಫ್‌ನ ರೆಸಲ್ಯೂಶನ್ 2.9 ಆಂಗ್‌ಸ್ಟ್ರಾಮ್, ಇನ್ನೊಂದರದ್ದು 2.45 (ಸಂಖ್ಯೆ ಚಿಕ್ಕದಾದಷ್ಟು ರಚನೆ ಸ್ಪಷ್ಟ). ಒಂದು ಅಮೈನೋ ಆಮ್ಲದ ಸೈಡ್ ಚೈನ್ ಸ್ವಲ್ಪ ಓರೆಯಾಗಿದೆ ಎಂದ ಮಾತ್ರಕ್ಕೆ ದೊಡ್ಡ ಅರ್ಥ ಹಚ್ಚಬೇಡಿ.

ಇಷ್ಟು ಕೈಗೆ ಹತ್ತಿದ ಮೇಲೆ ಇನ್ನೊಂದು ಕೊರೊನಾ ವೈರಸ್ ಆದ ಮರ್ಸ್‌ನ 4ಎಲ್72 ತೆರೆಯಿರಿ. ಅದು ಅಂಟುವುದು ಡಿಪಿಪಿ4 ಎಂಬ ಬೇರೆ ಪ್ರೋಟೀನ್‌ಗೆ, ಎಸಿಇ2ಗೆ ಅಲ್ಲ. ಹಾಗಾಗಿ ಅಲ್ಲಿ ಆರ್‌ಬಿಡಿ ಮೇಲೆ ಆರ್‌ಬಿಡಿ ಕೂಡಿಸುವ ದಾರಿ ಒಂದೇ ಉಳಿಯುತ್ತದೆ. ಒಳಗಿನ ತಿರುಳು ಹೊಂದುತ್ತದೆ, ಅಂಟುವ ಮುಖ ಹೊಂದುವುದಿಲ್ಲ.