ಫೋಲ್ಡರ್‌ನಲ್ಲಿ ಬರೆಯಲು ಆಗುತ್ತಾ? ಬರೆದೇ ನೋಡಬೇಕು

ಮಾರ್ಚ್ ತಿಂಗಳು, ಒಣದ್ರಾಕ್ಷಿ ಸೀಸನ್. ವಿಜಯಪುರದ ಹತ್ತಿರದ ಒಂದು ಕೋಲ್ಡ್ ಸ್ಟೋರೇಜ್‌ಗೆ ತೂಕದ ಚೀಟಿಯ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಹಿಂದಿನ ದಿನ ನಾನೇ ಕೂತು ಇನ್‌ಸ್ಟಾಲ್ ಮಾಡಿ, ಎಲ್ಲ ಸರಿ ಇದೆ ಅಂತ ನೋಡಿ ಬಂದಿದ್ದೆ. ಬೆಳಿಗ್ಗೆ ಕೌಂಟರ್ ಹುಡುಗನ ಫೋನ್ ಬಂತು.

"ಸರ್, ಚೀಟಿ ಬರವಲ್ದ್ರೀ. ತಿಕೋಟಾದಿಂದ ಟ್ರ್ಯಾಕ್ಟರ್ ಬಂದು ನಿಂತಾವ್ರೀ."

ಚೀಟಿಯ ಪ್ರತಿ ಫೋಲ್ಡರ್‌ನಲ್ಲಿ ಉಳಿದ ಮೇಲೇ ಪ್ರಿಂಟ್ ಆಗಬೇಕು ಅಂತ ಬರೆದಿದ್ದೆ. ಆ ಫೋಲ್ಡರ್ ಇದ್ದದ್ದು ವಿಂಡೋಸ್‌ನ ಪ್ರೋಗ್ರಾಂ ಫೈಲ್ಸ್ ಒಳಗೆ. ನಾನು ಅಡ್ಮಿನ್ ಆಗಿ ಲಾಗಿನ್ ಆಗಿದ್ದೆ, ಹುಡುಗನದು ಸಾದಾ ಲಾಗಿನ್. ಅವನಿಗೆ ಅಲ್ಲಿ ಬರೆಯುವ ಅನುಮತಿಯೇ ಇಲ್ಲ. ಆದರೂ ಶುರುವಿನಲ್ಲಿ ಪ್ರೋಗ್ರಾಂ ಮಾಡುವ ತಪಾಸಣೆ 'ಬರೆಯಬಹುದು' ಅಂತಲೇ ಹೇಳಿತ್ತು.

ನಾನು ಬಳಸಿದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಓಎಸ್.ಆಕ್ಸೆಸ್, ಅಂದರೆ 'ಇಲ್ಲಿ ಬರೆಯಬಹುದಾ' ಅಂತ ಕೇಳುವ ಆಜ್ಞೆ. ವಿಂಡೋಸ್‌ನಲ್ಲಿ ಅದು ನೋಡುವುದು ಬರೀ ರೀಡ್-ಓನ್ಲಿ ಗುರುತನ್ನು. ಯಾವ ಬಳಕೆದಾರನಿಗೆ ಏನು ಹಕ್ಕಿದೆ ಅನ್ನುವ ನಿಜವಾದ ಪಟ್ಟಿ, ಅಂದರೆ ಎಸಿಎಲ್, ಅದನ್ನು ಮುಟ್ಟುವುದೇ ಇಲ್ಲ. ಫೋಲ್ಡರ್‌ಗಂತೂ ಆ ಗುರುತು ಇದ್ದರೂ ಒಳಗೆ ಫೈಲ್ ಮಾಡಬಹುದು. ಹಾಗಾಗಿ ಆ ಉತ್ತರಕ್ಕೆ ಅಲ್ಲಿ ಬೆಲೆಯೇ ಇಲ್ಲ.

ಅಂದು ಫೋಲ್ಡರನ್ನು ಪ್ರೋಗ್ರಾಂಡೇಟಾ (ಪ್ರೋಗ್ರಾಂಗಳ ಮಾಹಿತಿ ಇಡಲು ವಿಂಡೋಸ್‌ನಲ್ಲಿರುವ ಫೋಲ್ಡರ್) ಒಳಗೆ ಸರಿಸಿ, ಸಾದಾ ಬಳಕೆದಾರರಿಗೂ ಬರೆಯುವ ಹಕ್ಕು ಕೊಟ್ಟು ಕೆಲಸ ನಡೆಸಿದೆ. ಆದರೆ ತಪಾಸಣೆ ತಪ್ಪು ಅನ್ನುವುದು ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಆಫೀಸಿನ ಸರ್ವರ್ ಉಬುಂಟು ಲಿನಕ್ಸ್, ಮಾಲೀಕರ ಮಗನದು ಮ್ಯಾಕ್‌ಬುಕ್. ಮೂರೂ ಕಡೆ ಒಂದೇ ಪ್ರೋಗ್ರಾಂ ಓಡಬೇಕಲ್ವಾ?

ಲಿನಕ್ಸ್‌ನಲ್ಲಿ ತೊಂದರೆ ಬೇರೆ. ಸುಡೋ ಹಾಕಿ ತಪಾಸಣೆ ಓಡಿಸಿದರೆ ಅದು ರೂಟ್, ಅಂದರೆ ಎಲ್ಲ ಹಕ್ಕೂ ಇರುವ ಅಡ್ಮಿನ್ ಹೆಸರಲ್ಲಿ ಓಡುತ್ತದೆ; ರೂಟ್‌ಗೆ ಫೋಲ್ಡರ್‌ನ ಅನುಮತಿ ಗುರುತುಗಳು ಅಡ್ಡ ಬರುವುದೇ ಇಲ್ಲ. ಆಮೇಲೆ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಬೇರೆ ಬಳಕೆದಾರನ ಹೆಸರಲ್ಲಿ ಓಡುತ್ತದೆ, ಅಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು: ಫೋಲ್ಡರ್‌ಗೆ ಡಬ್ಲ್ಯೂ (ಬರೆಯುವ ಅನುಮತಿ) ಒಂದೇ ಇದ್ದರೆ ಸಾಲದು, ಎಕ್ಸ್ (ಒಳಗೆ ಹೋಗುವ ಅನುಮತಿ) ಕೂಡ ಬೇಕು. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ಗೆ ಬಳಕೆದಾರ ಒಪ್ಪಿಗೆ ಕೊಡಬೇಕು. ಅನುಮತಿ ಪಟ್ಟಿಯಲ್ಲಿ ಎಲ್ಲ ಸರಿ ಕಾಣುತ್ತದೆ, ಬರೆಯಲು ಹೋದರೆ ಬಿಡುವುದಿಲ್ಲ.

ಕೊನೆಗೆ 'ಬರೆಯಬಹುದಾ' ಅಂತ ಕೇಳುವುದನ್ನೇ ಬಿಟ್ಟೆ. ಈಗ ಅದೇ ಫೋಲ್ಡರ್‌ನಲ್ಲಿ, ಅದೇ ಬಳಕೆದಾರನ ಹೆಸರಲ್ಲಿ, ಒಂದು ಫೈಲ್ ನಿಜವಾಗಿ ಬರೆದು ಅಳಿಸುತ್ತೇನೆ. ಪೆನ್ನನ್ನು ಹಾಳೆ ಮೇಲೆ ಗೀಚಿ ನೋಡಿದ ಹಾಗೆ. ಹೆಸರು ಯುಯುಐಡಿಯಿಂದ (ಪ್ರತಿ ಸಲ ಬೇರೆಯದೇ ಬರುವ ಉದ್ದದ ಗುರುತು), ಜೊತೆಗೆ ಓ_ಎಕ್ಸ್‌ಸಿಎಲ್, ಅಂದರೆ ಆ ಹೆಸರಿನ ಫೈಲ್ ಆಗಲೇ ಇದ್ದರೆ ತೆರೆಯಬೇಡ ಅನ್ನುವ ಸೂಚನೆ. ಅದಿದ್ದರೆ ಅದೇ ಹೆಸರಿನ ಹಳೆಯ ಫೈಲ್ ಅಪ್ಪಿತಪ್ಪಿಯೂ ಹಾಳಾಗುವುದಿಲ್ಲ.

ಮೊದಲು ಇದಕ್ಕೆ ಪೈಥಾನ್‌ನಲ್ಲೇ ಇರುವ, ತಾತ್ಕಾಲಿಕ ಫೈಲ್ ಮಾಡಿಕೊಡುವ ಟೆಂಪ್‌ಫೈಲ್ ಮಾಡ್ಯೂಲ್ ಬಳಸಿದ್ದೆ. ಹಳೆಯ ಪೈಥಾನ್‌ನಲ್ಲಿ ಅದು ವಿಂಡೋಸ್ ಮೇಲೆ ಸುಮ್ನೆ ನಿಂತುಬಿಡುತ್ತಿತ್ತು. ಅನುಮತಿ ಇಲ್ಲ ಅನ್ನುವ ಎರರನ್ನು 'ಈ ಹೆಸರಿನ ಫೋಲ್ಡರ್ ಆಗಲೇ ಇದೆ' ಅಂದುಕೊಂಡು, ಹೊಸ ಹೊಸ ಹೆಸರು ಇಟ್ಟು ಪ್ರಯತ್ನಿಸುತ್ತಲೇ ಇರುತ್ತಿತ್ತು. ಹಾಗಾಗಿ ಅದನ್ನು ಕೈಬಿಟ್ಟೆ.

ಖಾಲಿ ಫೈಲ್ ಮಾಡಿದರೆ ಸಾಲದು. ಡಿಸ್ಕ್ ತುಂಬಿದ್ದರೂ ಖಾಲಿ ಫೈಲ್ ಹುಟ್ಟಬಹುದು. ಎರಡಕ್ಷರ ಬರೆದರೂ ನಂಬುವಂತಿಲ್ಲ. ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ ಎನ್‌ಟಿಎಫ್‌ಎಸ್, ತೀರಾ ಚಿಕ್ಕ ಫೈಲನ್ನು ತನ್ನ ಫೈಲ್‌ಗಳ ಪಟ್ಟಿಯೊಳಗೇ ಇಟ್ಟುಕೊಳ್ಳುತ್ತದೆ, ಡಿಸ್ಕ್‌ನಲ್ಲಿ ಬೇರೆ ಜಾಗ ಕೇಳುವುದಿಲ್ಲ. ಅದಕ್ಕೇ 4096 ಬೈಟ್ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ಡಿಸ್ಕ್‌ಗೇ ಹೋಗಲಿ ಅಂತ ಹೇಳಿ), ಮುಚ್ಚಿ, ಆಮೇಲೆ ಅಳಿಸುತ್ತೇನೆ. ಅಳಿಸಲು ಆಗದಿದ್ದರೆ 'ಬರೆಯಲಾಗದು' ಅಂತ ಹೇಳುವುದಿಲ್ಲ. ಆ್ಯಂಟಿವೈರಸ್ ಫೈಲನ್ನು ಒಂದು ಕ್ಷಣ ಹಿಡಿದಿರಬಹುದು. ಮತ್ತೆ ಪ್ರಯತ್ನಿಸಿದರಾಯಿತು.

ಈ ತಪಾಸಣೆ ಆ ಗಳಿಗೆಗೆ ಮಾತ್ರ. ಫೋಲ್ಡರ್ ನೆಟ್‌ವರ್ಕ್ ಮೇಲಿದ್ದು, ಮಧ್ಯಾಹ್ನ ನೆಟ್‌ವರ್ಕ್ ಹೋದರೆ ಬೆಳಗಿನ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಪ್ರತಿ ಚೀಟಿ ಉಳಿಸುವಾಗಲೂ ಎರರ್ ಹಿಡಿಯುತ್ತೇನೆ. ಸಂಖ್ಯೆ 13 ಬಂದರೆ ಅನುಮತಿ ಇಲ್ಲ, 28 ಬಂದರೆ ಜಾಗ ಇಲ್ಲ, 30 ಬಂದರೆ ಡಿಸ್ಕ್ ರೀಡ್-ಓನ್ಲಿ ಆಗಿದೆ. ಇದನ್ನು ಹುಡುಗನಿಗೆ ಕನ್ನಡದಲ್ಲೇ ತೋರಿಸುತ್ತೇನೆ, ಫೋಲ್ಡರ್‌ನ ಪೂರ್ತಿ ದಾರಿ ಸಮೇತ. ಈಗ ಅವನು ಫೋನ್ ಮಾಡಿದರೆ "ಡಿಸ್ಕ್ ತುಂಬೇತ್ರೀ ಸರ್, ಹಳೇದು ತೆಗೀಲೇನ್ರೀ?" ಅಂತ ಕೇಳುತ್ತಾನೆ.