ಜೀಪ್ ಓಡಿಸುವವನೇ ದಾರಿ ಮುಚ್ಚಿದ್ದು: ನನ್ನ ಅನುಭವ

ನಾನು ಜೀಪ್ ಓಡಿಸುವವನು. ಜೀಪ್ ದಾರಿ ಮುಚ್ಚುವ ಕೆಲಸಕ್ಕೂ ಹಾರೆ ಹಿಡಿದು ಹೋಗುತ್ತೇನೆ. ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ವಾಲಂಟಿಯರ್ ಆಗಿ ಇದನ್ನೇ ಮಾಡುತ್ತಾ ಬಂದಿದ್ದೇನೆ. ಗೆಳೆಯರಿಗೆ ಇದು ಅರ್ಥವೇ ಆಗುವುದಿಲ್ಲ, ಬಿಡಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಸರ್ಕಾರಿ ಜಮೀನಿನಲ್ಲಿ ಆಫ್‌ರೋಡ್ ಗಾಡಿ ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂದು ಗುರುತಿಸಿ, ಮಣ್ಣು, ನೀರು, ಪ್ರಾಣಿಗಳಿಗೆ ಹಾನಿ ಆದಷ್ಟು ಕಡಿಮೆ ಮಾಡಿ ಎಂದು 1972ರಲ್ಲೇ ಆಗಿನ ಅಧ್ಯಕ್ಷ ನಿಕ್ಸನ್ ಆದೇಶ ಹೊರಡಿಸಿದ್ದರು. ಆದರೂ ಎಷ್ಟೋ ಕಾಡುಗಳಲ್ಲಿ 'ಬೇಡ ಅಂತ ಬೋರ್ಡ್ ಇಲ್ಲದಿದ್ದರೆ ಹೋಗಬಹುದು' ಅನ್ನುವ ರೂಢಿ ಉಳಿದಿತ್ತು. 2005ರ ಟ್ರಾವೆಲ್ ಮ್ಯಾನೇಜ್‌ಮೆಂಟ್ ನಿಯಮ ಅದನ್ನು ತಿರುಗಿಸಿತು. ಈಗ ಅರಣ್ಯ ಇಲಾಖೆಯ ಮ್ಯಾಪಿನಲ್ಲಿ ದಾರಿ ಇದ್ದರೆ ಮಾತ್ರ ಗಾಡಿ. ಆ ಮ್ಯಾಪ್ ಪುಕ್ಕಟೆ ಸಿಗುತ್ತದೆ. ನೋಡಲು ಬರೀ ಕಪ್ಪು ಬಿಳುಪು, ಆದರೆ ಯಾವ ದಾರಿಗೆ ಯಾವ ಗಾಡಿ, ಯಾವ ತಿಂಗಳು ಅನ್ನುವುದು ಅದರಲ್ಲಿದೆ.

ಆದರೆ ಮ್ಯಾಪಿನಿಂದ ತೆಗೆದ ಮಾತ್ರಕ್ಕೆ ದಾರಿ ಮುಚ್ಚುವುದಿಲ್ಲ, ಅಲ್ವಾ? ಕೆಲಸ ಶುರುವಾಗುವುದೇ ಅಲ್ಲಿಂದ.

ಒಂದು ಗುಡ್ಡದಲ್ಲಿ ಜಾಡು ನೇರವಾಗಿ ಮೇಲಕ್ಕೆ ಹತ್ತುತ್ತಿತ್ತು. ಗಾಲಿ ಮಣ್ಣನ್ನು ಸಡಿಲ ಮಾಡಿತು, ಮಿಕ್ಕಿದ್ದನ್ನು ನೀರು ಮಾಡಿತು: ಮಳೆ ಬಂದಾಗಲೆಲ್ಲ ಆ ಜಾಡೇ ಕಾಲುವೆಯಾಗಿ, ಕೊರಕಲು ಬಿದ್ದು, ಕೊರಕಲು ತಪ್ಪಿಸಲು ಜನ ಪಕ್ಕದಲ್ಲಿ ಗಾಡಿ ಹಾಕಿ, ಅದೂ ಕೊರೆದು, ದಾರಿ ಅಗಲವಾಗುತ್ತಲೇ ಹೋಯಿತು. ಇಲ್ಲಿ ಬರೀ ಗೇಟ್ ಹಾಕಿದರೆ ಗೇಟಿನ ಪಕ್ಕವೇ ಹೊಸ ಜಾಡು ಏಳುತ್ತದೆ. ಹಾಗಾಗಿ ಮೊದಲು ಬೇರೆ ದಾರಿ ಕಡಿದು ತೆರೆದೆವು. ಹಳೆಯದನ್ನು ಮುಚ್ಚಿದ್ದು ಆಮೇಲೆ. ಈ ಕ್ರಮ ಉಲ್ಟಾ ಆದರೆ ಕೆಲಸ ಕೆಟ್ಟಂತೆಯೇ.

ಹೊಸ ದಾರಿ ಗುಡ್ಡಕ್ಕೆ ಅಡ್ಡಡ್ಡಲಾಗಿ ಹೋಗಬೇಕು. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಜಾಸ್ತಿ ಏರು ದಾರಿಗೆ ಇರಬಾರದು, ಒಟ್ಟಾರೆ ಸರಾಸರಿ ಶೇ. 10ರೊಳಗೆ ಇರಬೇಕು. ಇಳಿಜಾರು ಅಳೆಯುವ ಕ್ಲಿನೋಮೀಟರ್ ಹಿಡಿದು ನೋಡಿ, ಚಿಕ್ಕ ಬಾವುಟ ನೆಡುತ್ತಾ ಹೋಗುತ್ತೇವೆ. ಅಲ್ಲಲ್ಲಿ ದಾರಿಯನ್ನು ಸ್ವಲ್ಪ ಇಳಿಸಿ ಮತ್ತೆ ಏರಿಸಿದರೆ ನೀರು ಅಲ್ಲಿಂದ ಪಕ್ಕಕ್ಕೆ ಹರಿದುಹೋಗುತ್ತದೆ. ಈ ತಗ್ಗು ಉದ್ದವಾಗಿ, ನಿಧಾನವಾಗಿ ಇಳಿಯಬೇಕು. ಗಿಡ್ಡವಾದರೆ ಬಂಪರ್ ನೆಲಕ್ಕೆ ಉಜ್ಜುತ್ತದೆ, ಉಜ್ಜಿದರೆ ಡ್ರೈವರ್ ಅದನ್ನು ತಪ್ಪಿಸಲು ಪಕ್ಕದ ಕಾಡೊಳಗೆ ನುಗ್ಗುತ್ತಾನೆ. ತಗ್ಗಿನಾಚೆ ದಾರಿ ಏರಿಸಲು ಹಾಕುವ ಮಣ್ಣು ತುಸು ಒದ್ದೆ ಇರಬೇಕು, ಒಣಮಣ್ಣು ಎಷ್ಟು ಕುಟ್ಟಿದರೂ ಗಟ್ಟಿಯಾಗುವುದಿಲ್ಲ.

ಹಳೆಯ ಜಾಡಿನಲ್ಲಿ ಗಟ್ಟಿಯಾದ ನೆಲವನ್ನು ಅಗೆದು ಸಡಿಲ ಮಾಡಿದೆವು, ಬೀಜ ಬೇರೂರಲಿ ಅಂತ. ಕೂಡುದಾರಿಯಿಂದ ಕಣ್ಣು ಹಾಯುವಷ್ಟು ದೂರ ಒಣಕೊಂಬೆಗಳನ್ನು ನೆಟ್ಟಗೆ ಹೂತೆವು, ಅಡ್ಡಾದಿಡ್ಡಿ ದಿಮ್ಮಿ ಎಳೆದು ಹಾಕಿದೆವು. ಕಾಣದ ದಾರಿಯನ್ನು ಯಾರೂ ಹಿಡಿಯುವುದಿಲ್ಲ. ಬಂಡೆ ಇಡುವುದಾದರೆ ಹೂಳಲೇಬೇಕು. ಸುಮ್ನೆ ಮೇಲೆ ಇಟ್ಟರೆ ಜೀಪಿನ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಕಟ್ಟಿ ಎಳೆದುಹಾಕುವ ಮಹಾನುಭಾವರು ಇದ್ದಾರೆ.

ಹಳ್ಳ ದಾಟುವ ಜಾಗದಲ್ಲಿ ದಾರಿ ನೀರಿಗೆ ನೇರ ಅಡ್ಡ ಬರುವಂತೆ ತಿರುಗಿಸಿ, ಎರಡೂ ದಡಕ್ಕೆ ಕಲ್ಲು ಹಾಸುತ್ತೇವೆ. ಇಲ್ಲದಿದ್ದರೆ ಹೂಳು ಹರಿದು ಜಲ್ಲಿಯ ಸಂದಿಗಳಲ್ಲಿರುವ ಟ್ರೌಟ್ ಮೀನಿನ ಮೊಟ್ಟೆಗಳ ಮೇಲೆ ಕೂರುತ್ತದೆ, ಮೊಟ್ಟೆಗೆ ಉಸಿರು ಸಿಗುವುದಿಲ್ಲ. ಈ ಕೆಲಸಕ್ಕೆ ದುಡ್ಡಿನ ಒಂದು ಮೂಲ ರಿಕ್ರಿಯೇಷನಲ್ ಟ್ರೇಲ್ಸ್ ಪ್ರೋಗ್ರಾಂ ಅನ್ನುವ ಕೇಂದ್ರ ಸರ್ಕಾರದ ಅನುದಾನ. ಅದರ ಶೇ. 30 ಗಾಡಿ ದಾರಿಗಳಿಗೇ ಮೀಸಲು.

ಎಲ್ಲಕ್ಕೂ ಬದಲಿ ದಾರಿ ಸಿಗುತ್ತದೆ ಅಂತಲ್ಲ. ಜೌಗು ಹುಲ್ಲುಗಾವಲಿನಲ್ಲಿ ಬಿದ್ದ ಒಂದು ಗಾಲಿ ಗುಂಡಿ ಸಾಕು, ಅದೇ ಚರಂಡಿಯಾಗಿ ನೀರೆಲ್ಲ ಬಸಿದು ಗಾವಲೇ ಒಣಗಬಹುದು. ಅಂಥ ಕಡೆ ನಾನು ಮೀಟಿಂಗಿನಲ್ಲಿ ಪೂರ್ತಿ ಮುಚ್ಚಿ ಅಂತಲೇ ಹೇಳುತ್ತೇನೆ. ಆಗ ಜೀಪಿನವರು ಬೈಯುತ್ತಾರೆ, ಗುಡ್ಡದ ದಾರಿ ಉಳಿಸಿ ಅಂದಾಗ ನಡೆಯುವವರು ಬೈಯುತ್ತಾರೆ.