ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಬೇರೆ ಪ್ರೊಪೆಲ್ಲರ್ ಹಾಕುವಾಗ

ಹಳೆಯದು ಹಾಳಾಗಿ, ಅದೇ ಕಂಪನಿಯ ಅದೇ ಮಾಡೆಲ್ ಹಾಕಿದರೆ ಅದು ರಿಪೇರಿ. ವ್ಯಾಸ ಬದಲಾದರೆ, ಎರಡು ಅಲಗಿನ ಜಾಗಕ್ಕೆ ಮೂರು ಅಲಗಿನದು ಬಂದರೆ, ಮರ ಹೋಗಿ ಕಾರ್ಬನ್ ಬಂದರೆ, ಅದು ರಿಪೇರಿಯಲ್ಲ, ವಿಮಾನವೇ ಬೇರೆ. ಅಮೆರಿಕದಲ್ಲಿ ಹವ್ಯಾಸಿಗಳು ಕಟ್ಟಿದ ವಿಮಾನದಲ್ಲಿ ಇಂಥ ದೊಡ್ಡ ಬದಲಾವಣೆ ಆದರೆ ಅಲ್ಲಿನ ವಾಯುಯಾನ ಇಲಾಖೆಯಾದ ಎಫ್‌ಎಎ ಕಚೇರಿಗೆ ತಿಳಿಸಿ, ಕನಿಷ್ಠ 5 ಗಂಟೆ ಪ್ರಯಾಣಿಕರಿಲ್ಲದೆ ಪರೀಕ್ಷಾ ಹಾರಾಟ ಮಾಡಬೇಕು. ನಮ್ಮಲ್ಲಿ ಕೇಳಬೇಕಾದದ್ದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವನ್ನು, ಅಂದರೆ ಡಿಜಿಸಿಎಯನ್ನು. ಲಿಖಿತ ಒಪ್ಪಿಗೆ ಕೈಗೆ ಬರುವ ತನಕ ನೆಲ ಬಿಡಬೇಡಿ.

ಕೊಳ್ಳುವ ಮುಂಚೆ ಲೆಕ್ಕ. ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ 5800 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) ತಿರುಗುವಾಗ, ವೇಗವನ್ನು 2.43 ಪಟ್ಟು ಇಳಿಸುವ ಗೇರ್‌ಬಾಕ್ಸ್‌ನಿಂದಾಗಿ ಪ್ರೊಪೆಲ್ಲರ್ ತಿರುಗುವುದು ಸುಮಾರು 2390. ಹಾಗಾಗಿ ಗೇರ್ ಇಲ್ಲದ ಎಂಜಿನ್‌ಗೆ ಮಾಡಿದ ಪ್ರೊಪೆಲ್ಲರ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ತೂಕದ ಜತೆಗೆ ಜಡತ್ವವನ್ನೂ (ತಿರುಗುವ ವೇಗ ಬದಲಾಗುವುದಕ್ಕೆ ಒಡ್ಡುವ ವಿರೋಧ) ನೋಡಿ: ಈ ಎಂಜಿನ್‌ಗೆ ಮಿತಿ 6000 ಕೆಜಿ ಚದರ ಸೆಂಮೀ. ಮೀರಿದರೆ ಪೆಟ್ಟು ಬೀಳುವುದು ಗೇರ್‌ಬಾಕ್ಸ್‌ಗೆ. ವ್ಯಾಸ ಹೆಚ್ಚಿಸಿದರೆ ನೆಲದಿಂದ ಅಂತರ ಅಳೆಯಿರಿ. ಮೂತಿಚಕ್ರದ ವಿಮಾನಕ್ಕೆ 18 ಸೆಂಮೀ, ಬಾಲಚಕ್ರದ್ದಕ್ಕೆ 23 ಸೆಂಮೀ ಇರಲೇಬೇಕು.

ಬಿಚ್ಚುವ ಮುಂಚೆ ಎರಡೂ ಇಗ್ನಿಷನ್ ಆಫ್, ಬ್ಯಾಟರಿಯ ನೆಗೆಟಿವ್ ತಂತಿ ಹೊರಗೆ, ಚಕ್ರಕ್ಕೆ ಅಡ್ಡಗಟ್ಟೆ. ಪ್ರತಿ ಸಿಲಿಂಡರ್‌ನ ಒಂದೊಂದು ಸ್ಪಾರ್ಕ್ ಪ್ಲಗ್ ತೆಗೆದರೆ ಕೈಯಲ್ಲಿ ತಿರುಗಿಸಲು ಹಗುರ. ರೋಟ್ಯಾಕ್ಸ್ ಅನ್ನು ಹಿಂದಕ್ಕೆ ತಿರುಗಿಸಬಾರದು, ವಾಲ್ವ್ ಎತ್ತುವ ಲಿಫ್ಟರ್‌ಗಳಿಗೆ ಗಾಳಿ ಸೇರುತ್ತದೆ.

ಜನ ಹೆಚ್ಚು ಎಡವುವುದು ಬೋಲ್ಟ್ ಬಿಗಿಸುವಲ್ಲಿ. ಎಂಜಿನ್‌ನ ಬಲವನ್ನು ಮರದ ಹಬ್‌ಗೆ (ಪ್ರೊಪೆಲ್ಲರ್‌ನ ನಡುಭಾಗ) ದಾಟಿಸುವುದು ಮುಖ್ಯವಾಗಿ ಬೋಲ್ಟ್‌ಗಳಲ್ಲ; ಎಂಜಿನ್ ಕಡೆಯ ತಟ್ಟೆಯಾದ ಫ್ಲ್ಯಾಂಜ್‌ಗೂ ಹಬ್‌ಗೂ ನಡುವಿನ ಘರ್ಷಣೆ. ಬೋಲ್ಟ್ ಅದನ್ನು ಒತ್ತಿ ಹಿಡಿಯುತ್ತದಷ್ಟೆ. ಅವೆರಡೂ ಕೂಡುವ ಮುಖಕ್ಕೆ ಗ್ರೀಸ್ ಬಳಿಯಬೇಡಿ. ಸಡಿಲವಾದರೆ ಹಬ್ ಒಂದು ಕೂದಲಿನಷ್ಟು ಜಾರುತ್ತದೆ, ಉಜ್ಜಿ ಬಿಸಿಯೇರುತ್ತದೆ. ಬಿಚ್ಚಿ ನೋಡಿದಾಗ ಬೋಲ್ಟ್ ರಂಧ್ರದ ಸುತ್ತ ಕಂದು ಪುಡಿ, ಸುಟ್ಟ ವಾಸನೆ. ಅತಿಯಾಗಿ ಬಿಗಿದರೆ ಮರದ ನಾರು ನಜ್ಜುಗುಜ್ಜಾಗಿ ಮತ್ತೆ ಸಡಿಲವೇ. ಟಾರ್ಕ್ (ಬೋಲ್ಟ್ ಬಿಗಿಸುವ ತಿರುಚು ಬಲ) ಅಂಕಿಯನ್ನು ಪ್ರೊಪೆಲ್ಲರ್ ತಯಾರಕರ ಕೈಪಿಡಿಯಿಂದ ತೆಗೆದುಕೊಳ್ಳಿ, ಬೋಲ್ಟ್ ಪಟ್ಟಿಯಿಂದಲ್ಲ. ಇಂಚ್-ಪೌಂಡ್ ಎಂದಿರುವುದನ್ನು ಫುಟ್-ಪೌಂಡ್ ಎಂದು ಓದಿದರೆ 12 ಪಟ್ಟು ಹೆಚ್ಚಾಯಿತು! ಎದುರುಬದುರಾಗಿ, ಮೂರ್ನಾಲ್ಕು ಸುತ್ತಿನಲ್ಲಿ ಬಿಗಿಯಿರಿ. ನೈಲಾನ್ ನಟ್ ಪ್ರತಿ ಸಲ ಹೊಸದು.

ಆಷಾಢದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಬಾಗಿಲು ಶಿವರಾತ್ರಿ ಹೊತ್ತಿಗೆ ಗಡಗಡ ಅನ್ನುತ್ತದಲ್ಲ, ಹಬ್‌ನ ಮರವೂ ಹಾಗೇ. ಮೊದಲ ಹಾರಾಟದ ನಂತರ, 25 ಗಂಟೆಗೆ, ಆಮೇಲೆ ಹೆಚ್ಚೆಂದರೆ ಪ್ರತಿ 50 ಗಂಟೆಗೆ ಟಾರ್ಕ್ ನೋಡಿ. ಮೈಸೂರಿನ ಮಟ್ಟಿಗೆ ಮಳೆ ನಿಂತ ಮೇಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಹೆಚ್ಚುವರಿ. ನಿಲ್ಲಿಸುವಾಗ ಎರಡಲಗಿನ ಮರದ ಪ್ರೊಪೆಲ್ಲರ್ ಅಡ್ಡಕ್ಕೇ ಇರಲಿ, ಇಲ್ಲವಾದರೆ ತೇವ ಕೆಳಗಿನ ಅಲಗಿಗೆ ಇಳಿದು ಸಮತೋಲ ಕೆಡುತ್ತದೆ. ಫ್ಲ್ಯಾಂಜ್‌ಗೂ ಹಬ್‌ಗೂ ನಡುವೆ ಕೂರಿಸುವ ಸ್ಪೇಸರ್ ಬೇಕಾದರೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್‌ನಲ್ಲಿ ಮಾಡಿಸಬಹುದು, ಆದರೆ 6061-ಟಿ6 ಅಲ್ಯೂಮಿನಿಯಂ ನೀವೇ ಕೊಡಿ, ಎರಡು ಮುಖ ಸಮಾಂತರವಾಗಿದೆಯೇ ಎಂದು ಡಯಲ್ ಗೇಜಲ್ಲಿ ನೋಡಿ.

ಟ್ರ್ಯಾಕ್, ಅಂದರೆ ಅಲಗುಗಳ ತುದಿ ಒಂದೇ ಸಮತಲದಲ್ಲಿ ಸುತ್ತುತ್ತವೆಯೇ ಎಂದು ನೋಡಲು ಒಂದು ಸ್ಟೂಲನ್ನು ಅಲಗಿನ ತುದಿಗೆ ತಾಗಿಸಿ ಇಟ್ಟು ಮುಂದಿನ ಅಲಗನ್ನು ಅಲ್ಲಿಗೆ ತನ್ನಿ. ಮರಕ್ಕೆ 3 ಮಿಮೀ ತನಕ ವ್ಯತ್ಯಾಸ ಸರಿ, ಲೋಹಕ್ಕೆ ಅದರರ್ಧ. ಪಿಚ್ (ಅಲಗಿನ ಓರೆ ಕೋನ) ಹೊಂದಿಸುವಂಥದ್ದಾದರೆ ಪ್ರತಿ ಅಲಗನ್ನೂ ಒಂದೇ ಸ್ಥಾನಕ್ಕೆ ತಂದು, ಒಂದೇ ಗುರುತಿನಲ್ಲಿ ಡಿಜಿಟಲ್ ಕೋನಮಾಪಕ ಇಡಿ. ಅರ್ಧ ಡಿಗ್ರಿ ಆಚೀಚೆಯಾದರೂ ನಡುಕ ಬರುತ್ತದೆ.

ಬಾಲ ಕಟ್ಟಿ, ಜಲ್ಲಿಯಿಲ್ಲದ ನೆಲದಲ್ಲಿ ಪೂರ್ತಿ ಥ್ರಾಟಲ್ ಕೊಡಿ. ರೋಟ್ಯಾಕ್ಸ್ ನಿಂತಲ್ಲೇ 5200 ಮುಟ್ಟದಿದ್ದರೆ ಪಿಚ್ ಜಾಸ್ತಿಯಾಗಿದೆ, ಇಳಿಸಿ. ಹಾರುವಾಗ ಸಮತಟ್ಟಿನಲ್ಲಿ 5800 ದಾಟಿದರೆ ಕಡಿಮೆಯಾಗಿದೆ, ಅರ್ಧರ್ಧ ಡಿಗ್ರಿ ಏರಿಸಿ. ಒಂದು ಮೋಸ ಗಮನಿಸಿ: ಮೈಸೂರು ವಿಮಾನ ನಿಲ್ದಾಣದ ಮಂಡಕಳ್ಳಿ ರನ್‌ವೇ ಸುಮಾರು 2,350 ಅಡಿ ಎತ್ತರದಲ್ಲಿದೆ, 35 ಡಿಗ್ರಿ ಬಿಸಿಲಿಗೆ ಅಲ್ಲಿನ ಗಾಳಿ 5,000 ಅಡಿಗೂ ಮೇಲಿನಷ್ಟು ತೆಳು. ಆಗಲೂ ಆರ್‌ಪಿಎಂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ, ಯಾಕೆಂದರೆ ಎಂಜಿನ್ ಬಲದ ಜತೆ ಪ್ರೊಪೆಲ್ಲರ್ ಮೇಲಿನ ಹೊರೆಯೂ ಇಳಿದಿರುತ್ತದೆ. ಎಳೆತ ಮಾತ್ರ ಕಡಿಮೆ. ಆದ್ದರಿಂದ ಮೊದಲ ಹಾರಾಟ ಬೆಳಗಿನ ಜಾವ.

ತೂಕ ಬದಲಾಗಿದ್ದರೆ ವಿಮಾನವನ್ನು ಮತ್ತೆ ತೂಗಿ ಗುರುತ್ವಕೇಂದ್ರ ಲೆಕ್ಕ ಹಾಕಿ. ಮೂತಿಯ ತುದಿಯಲ್ಲಿ 3 ಕೆಜಿ ಸಣ್ಣದಲ್ಲ. ಲಾಗ್‌ಬುಕ್‌ನಲ್ಲಿ ಎರಡೂ ಪ್ರೊಪೆಲ್ಲರ್‌ಗಳ ಕ್ರಮಸಂಖ್ಯೆ, ಟಾರ್ಕ್, ಪಿಚ್, ನಿಂತಲ್ಲಿನ ಆರ್‌ಪಿಎಂ, ಅಂದಿನ ಉಷ್ಣಾಂಶ ಬರೆದು, ಮುಂದಿನ ಟಾರ್ಕ್ ತಪಾಸಣೆಯ ಗಂಟೆಯನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.